ಉಳಿತಾಯವು ಲೋಭವೇ?



ನಮ್ಮ ಸಮಾಜದಲ್ಲಿ ಒಂದು ವಿಚಿತ್ರವಾದ ವಾದವು ಬೇರೂರಿ ನಿಂತಿದೆ. ಹಣ ಕೂಡಿಡುವವನು ಲೋಭಿ, ಕೈಬಿಚ್ಚಿ ವೆಚ್ಚ ಮಾಡುವವನು ಉದಾರಿ ಎಂಬುದೇ ಆ ವಾದ. ಇಷ್ಟೇ ಆಗಿದ್ದರೆ ಲೋಕರೂಢಿಯೆಂದು ಸುಮ್ಮನಿರಬಹುದಾಗಿತ್ತು. ಆದರೆ ಇದರ ಮೇಲೆ ಶರಣರ ಹೆಸರಿನ ಮುದ್ರೆಯನ್ನೂ ಒತ್ತಲಾಗಿದೆ. ಅದಕ್ಕಾಗಿಯೇ ಈ ಲೇಖನ.

ಒಂದು ಶ್ರಾವಣದ ಸಂಜೆ ಪ್ರವಚನ ಕೇಳಿ ಹೊರಬರುತ್ತಿದ್ದ ಗೃಹಸ್ಥರೊಬ್ಬರನ್ನು, ಮುಪ್ಪಿನ ಕಾಲಕ್ಕೆಂದು ಏನಾದರೂ ಇಟ್ಟುಕೊಂಡಿದ್ದೀರಾ ಎಂದು ನಾನು ಕೇಳಿದೆ. ಅವರು ನಕ್ಕು, "ನಾವು ಶರಣರ ಮಕ್ಕಳ್ರೀ ಸರ, ನಾಳಿನ ಚಿಂತಿ ನಮಗ್ಯಾಕ? ಲಕ್ಕಮ್ಮ ಏನ ಮಾಡಿದಳು ಮರತೀರೇನು?" ಎಂದರು. ಸುತ್ತ ನಿಂತವರು ತಲೆದೂಗಿದರು. ಈ ಮಹನೀಯರು ಮಗಳ ಮದುವೆಗಾಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಯಂತೆ ಎರಡು ಲಕ್ಷ ರೂಪಾಯಿ ಸಾಲ ತಂದವರು. ಅಂದು ಅದರ ಬಡ್ಡಿಯನ್ನು ತೀರಿಸಿಯೇ ಪ್ರವಚನಕ್ಕೆ ಬಂದಿದ್ದರು.

ಲಕ್ಕಮ್ಮನ ಪ್ರಸಂಗವನ್ನು ನಾವು ಸರಿಯಾಗಿ ತಿಳಿದಿದ್ದೇವೆಯೇ? ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪರಂಪರೆಯ ಮಾತು. ಆಕೆ ನಿರಾಕರಿಸಿದ್ದು ಏನನ್ನು? ತಮ್ಮ ಕಾಯಕದ ಮಿತಿಯನ್ನು ಮೀರಿ ಮನೆಯೊಳಗೆ ಬಂದದ್ದನ್ನು. ಹೀಗಿರುವಾಗ, ತನ್ನ ದುಡಿಮೆ ಇನ್ನೂ ಗಳಿಸಿರದ ಎರಡು ಲಕ್ಷವನ್ನು ಪರರ ಪೆಟ್ಟಿಗೆಯಿಂದ ತಂದು ಎರಡು ದಿನಗಳಲ್ಲಿ ಶಾಮಿಯಾನ, ಬ್ಯಾಂಡು, ಬಗೆಬಗೆಯ ಭಕ್ಷ್ಯಗಳಿಗೆ ಸುರಿದವನು ಲಕ್ಕಮ್ಮನ ಹೆಸರೆತ್ತುವುದೆಂತು? ಆತ ತಂದ ಸಾಲವೇ ಆ ಹೆಚ್ಚಿನ ಅಕ್ಕಿ! ಲಕ್ಕಮ್ಮನು ಆ ಮನೆಯಲ್ಲಿದ್ದಿದ್ದರೆ ಹಿಂದಿರುಗಿಸುತ್ತಿದ್ದುದು ಸಾಲದ ಹಣವನ್ನೇ ಹೊರತು ಅಂಚೆ ಕಚೇರಿಯ ಪಾಸ್‌ಬುಕ್ಕನ್ನಲ್ಲ.

ಶರಣರು ಸಂಗ್ರಹವನ್ನು ಖಂಡಿಸಲೇ ಇಲ್ಲವೆಂದು ನಾನು ಹೇಳಲಾರೆ. ಖಂಡಿಸಿದ್ದಾರೆ, ನಿಷ್ಠುರವಾಗಿಯೇ ಖಂಡಿಸಿದ್ದಾರೆ. ನೆರೆಮನೆಯವನು ಹಸಿದಿರುವಾಗ ನೆಲದಲ್ಲಿ ಹೊನ್ನು ಹೂಳುವವನಿಗೆ ಅವರಲ್ಲಿ ಸ್ಥಾನವಿರಲಿಲ್ಲ. ಆದರೆ ಹೂತಿಟ್ಟ ಹೊನ್ನಿಗೂ ಬರಗಾಲಕ್ಕೆಂದು ತುಂಬಿದ ಹಗೇವಿಗೂ ಅಂತರವಿಲ್ಲವೇ? ನಮ್ಮ ಕರಿನೆಲದ ಹಿರಿಯರು ನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿ ಇಡುತ್ತಿದ್ದರು. ಹುಲುಸಾಗಿ ಬೆಳೆದ ವರ್ಷ ಅದು ತುಂಬುತ್ತಿತ್ತು, ಮಳೆ ಕೈಕೊಟ್ಟ ವರ್ಷ ತೆರೆಯುತ್ತಿತ್ತು. 1876ರಿಂದ 1878ರವರೆಗೆ ವಿಜಾಪುರ, ಧಾರವಾಡ, ಬಳ್ಳಾರಿ ಸೀಮೆಗಳನ್ನು ಹಿಂಡಿದಂತಹ ಬರಗಳನ್ನು ಕಂಡ ಜನರು ಅವರು. ಹಗೇವು ತುಂಬಿದವನನ್ನು ಯಾರೂ ಜಿಪುಣನೆನ್ನಲಿಲ್ಲ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡವನನ್ನು ಮಾತ್ರ ಊರೆಲ್ಲ ಆಡಿಕೊಂಡಿತು. ಇಂದು ಹಗೇವುಗಳು ಮುಚ್ಚಿಹೋಗಿವೆ. ಹಗೇವಿನ ಬುದ್ಧಿಯೂ ಅವುಗಳ ಜೊತೆಗೇ ಮಣ್ಣುಗೂಡಬೇಕೆ?

ಈಗ ಲೆಕ್ಕಕ್ಕೆ ಬರೋಣ. ಧರ್ಮಪತ್ರಿಕೆಯಲ್ಲಿ ಬಡ್ಡಿಯ ಲೆಕ್ಕವೇಕೆಂದು ಕೆಲವರು ಹುಬ್ಬೇರಿಸಬಹುದು. ಬಡ್ಡಿಯ ಲೆಕ್ಕ ಬಾರದವನ ಮನೆಯಲ್ಲಿ ದಾಸೋಹದ ಒಲೆ ಬಹುಕಾಲ ಉರಿಯದೆಂಬುದೇ ನನ್ನ ಸಮಾಧಾನ. ಎರಡು ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ 72,000 ರೂಪಾಯಿ. ಮೂರು ವರ್ಷ ತುಂಬುವ ಮೊದಲೇ ಬಡ್ಡಿಯು ಅಸಲನ್ನು ಮೀರುತ್ತದೆ, ಅಸಲು ಮಾತ್ರ ಕದಲದೆ ಹಾಗೆಯೇ ಕುಳಿತಿರುತ್ತದೆ. ಅದೇ 6,000 ರೂಪಾಯಿಗಳನ್ನು ಮದುವೆಗೆ ಮುಂಚಿತವಾಗಿ ತಿಂಗಳು ತಿಂಗಳು ಕಟ್ಟುತ್ತ ಬಂದಿದ್ದರೆ? ಮೂವತ್ತಮೂರು ತಿಂಗಳಿಗೆ 1,98,000 ರೂಪಾಯಿ. ಅಂಚೆ ಕಚೇರಿಯ ಅಲ್ಪ ಬಡ್ಡಿ ಸೇರಿದರೂ ಎರಡು ಲಕ್ಷ ದಾಟುತ್ತದೆ. ಮನುಷ್ಯನೂ ಅವನೇ, ಹಣವೂ ಅಷ್ಟೇ, ಕಟ್ಟುವ ಕಷ್ಟವೂ ಅಷ್ಟೇ. ಮೊದಲು ಕಟ್ಟಿದರೆ ಮದುವೆ ತನ್ನದು, ಆಮೇಲೆ ಕಟ್ಟಿದರೆ ಮದುವೆ ಸಾಹುಕಾರನದು. "ತಿಂಗಳಿಗೆ ಆರು ಸಾವಿರ ಉಳಿಸುವ ಶಕ್ತಿ ನಮಗೆಲ್ಲಿದೆ?" ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಬಡ್ಡಿ ಕಟ್ಟುವ ಶಕ್ತಿ ಎಲ್ಲಿಂದ ಬಂದಿತು?

ಉಳಿಸಲು ಏನೂ ಇಲ್ಲದವರೂ ಇದ್ದಾರೆ, ಅವರಿಗೆ ಈ ಲೇಖನ ಸಲ್ಲದು. ಮಳೆ ಬಾರದೆ ಗುಳೆ ಹೋದ ಕೂಲಿಕಾರನಿಗೆ ಮಿತವ್ಯಯದ ಉಪದೇಶ ಮಾಡುವುದು ಕ್ರೌರ್ಯ. ಅವನಿಗೆ ಬೇಕಾದುದು ಸರಿಯಾದ ಕೂಲಿ. ವಾರದ ಕಂತಿನ ಕಿರುಸಾಲಗಳ ವಸೂಲಿಗಾರರ ಕಾಟದಿಂದ ಜನ ಊರು ಬಿಡುವಂತಾಗಿ, 2025ರಲ್ಲಿ ಕರ್ನಾಟಕ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಅಧ್ಯಾದೇಶವನ್ನೇ ತರಬೇಕಾಯಿತು. ಆ ಬಡವರ ಹೆಸರನ್ನು ಗುರಾಣಿಯಾಗಿ ಹಿಡಿಯಬೇಡಿರಿ. ಸಂಬಳವಿದ್ದವರು, ನಾಲ್ಕೆಕರೆ ನೀರಾವರಿಯಿದ್ದವರು, ಪೇಟೆಯಲ್ಲಿ ಅಂಗಡಿಯಿದ್ದವರು, ಅಂದರೆ ಈ ಪತ್ರಿಕೆಗೆ ಚಂದಾ ಕಟ್ಟಿ ಓದುವ ನಿಮ್ಮನ್ನೇ ಕುರಿತು ನಾನು ಬರೆಯುತ್ತಿದ್ದೇನೆ.

ಉಳಿತಾಯವು ಸ್ವಾರ್ಥವೆನ್ನುವವರು ನಮ್ಮ ನಾಡಿನ ಚರಿತ್ರೆಯನ್ನೊಮ್ಮೆ ನೋಡಬೇಕು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಾಹುಕಾರನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತನು ತನ್ನವರ ಹಣದಿಂದಲೇ ತನ್ನ ಅಡಚಣೆಯನ್ನು ನೀಗಿಕೊಳ್ಳಲೆಂಬುದು ಅವರ ಹಂಬಲ. 1904ರ ಕಾಯಿದೆ ಬಂದ ಮರುವರ್ಷವೇ ಒಂದು ಹಳ್ಳಿ ಆ ಕೆಲಸಕ್ಕೆ ಎದ್ದು ನಿಂತಿತು. ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ ಮತ್ತು ಅವರ ಸಂಗಡಿಗರು 1925ರಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ನೇಕಾರ, ಮೀನುಗಾರ, ಚಿಲ್ಲರೆ ವ್ಯಾಪಾರಿ ಯಾರೇ ಆಗಲಿ, ಎರಡಾಣೆ ಕೊಟ್ಟವನು ಠೇವಣಿದಾರನೇ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾಗಿದೆ, ಆದರೂ ಪಿಗ್ಮಿ ಎಂಬ ಮಾತು ನಮ್ಮ ಸಂತೆಪೇಟೆಗಳಲ್ಲಿ ಉಳಿದಿದೆ.

ಇನ್ನು ನಮ್ಮ ಸಮಾಜದ್ದೇ ಮಾತು. ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟು ತ್ಯಾಗವೀರರೆನಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. ತ್ಯಾಗ ಮಾಡುವುದಕ್ಕೂ ಕೈಯಲ್ಲಿ ಏನಾದರೂ ಉಳಿದಿರಬೇಕಲ್ಲವೇ? ಲಿಂಗರಾಜರ ಸಂಸ್ಥಾನವು ಸಾಹುಕಾರನ ಅಡವಿಗೆ ಬಿದ್ದಿದ್ದರೆ ಅವರು ಯಾವುದನ್ನು ತ್ಯಾಗ ಮಾಡುತ್ತಿದ್ದರು? ಸಾಲಗಾರನ ದಾಸೋಹವು ಸಾಲ ಕೊಟ್ಟವನ ದಾಸೋಹವೇ ಆಗಿರುತ್ತದೆ.

ಉಳಿಸಿದ್ದನ್ನು ಎಲ್ಲಿ ಇಡಬೇಕೆಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಇಲ್ಲಿ ನನ್ನ ಮನೆಯ ಕಥೆಯನ್ನೇ ಹೇಳಬೇಕಾಗಿದೆ. ನನ್ನ ಸೋದರಮಾವ ನಿವೃತ್ತರಾದಾಗ ಬಂದ ಹಣದ ಬಹುಪಾಲನ್ನು ಊರಿನದೇ ಆದ ಒಂದು ಪತ್ತಿನ ಸಂಘದಲ್ಲಿ ಇಟ್ಟರು. ಬ್ಯಾಂಕಿಗಿಂತ ಶೇಕಡಾ ಮೂರರಷ್ಟು ಹೆಚ್ಚು ಬಡ್ಡಿ, ಆಡಳಿತ ಮಂಡಳಿಯಲ್ಲಿ ನಮ್ಮವರೇ, ಕಚೇರಿಯ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ. ಅವರಿಗೆ ಅಷ್ಟೇ ಸಾಕಾಯಿತು. ಐದನೆಯ ವರ್ಷ ಸಂಘದ ಬಾಗಿಲಿಗೆ ಬೀಗ ಬಿದ್ದಿತು. ಮಾವ ಆರು ವರ್ಷ ಅಲೆದರು, ಅಸಲಿನ ಕಾಲುಭಾಗವೂ ಕೈಸೇರಲಿಲ್ಲ. ಅವರ ಕೊನೆಯ ಕಾಯಿಲೆಗೆ ಆಸ್ಪತ್ರೆಯ ಹಣ ಹೊಂದಿಸಲು ಅತ್ತೆಯವರು ತಮ್ಮ ಬಳೆಗಳನ್ನು ಮಾರಿದರು.

ಆಗ ನಮಗೆ ತಿಳಿಯದಿದ್ದ, ಇಂದಿಗೂ ಬಹುಜನರಿಗೆ ತಿಳಿಯದ ಸಂಗತಿಯೊಂದಿದೆ. ಬ್ಯಾಂಕು ಮುಳುಗಿದರೆ ಪ್ರತಿ ಠೇವಣಿದಾರನಿಗೂ ಒಂದು ಮಿತಿಯವರೆಗೆ ವಿಮೆಯ ರಕ್ಷಣೆಯಿದೆ. ಒಂದು ಲಕ್ಷದಷ್ಟಿದ್ದ ಈ ಮಿತಿಯನ್ನು 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿಸಲಾಯಿತು. ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಉಂಟು. ಆದರೆ ಬ್ಯಾಂಕಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಅದು ಇಲ್ಲ. ಫಲಕದ ಮೇಲೆ 'ಸಹಕಾರಿ' ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಸಿದ್ದನಗೌಡರ ಪರಂಪರೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಸದಸ್ಯನಾದವನು ವಾರ್ಷಿಕ ಸಭೆಗೆ ಹೋಗಿ ಲೆಕ್ಕಪರಿಶೋಧನೆಯ ವರದಿ ಕೇಳಬೇಕು. ನಾವು ಹೋಗುವುದು ಉಪಾಹಾರಕ್ಕೆ! ಅಧ್ಯಕ್ಷರು ನಮ್ಮವರು, ಕೇಳಿದರೆ ಬೇಸರಿಸಿಕೊಂಡಾರು ಎಂಬ ದಾಕ್ಷಿಣ್ಯವೇ ಎಷ್ಟೋ ಮನೆಗಳನ್ನು ಮುಳುಗಿಸಿದೆ. ಜಾತಿಯ ಬಂಧುತ್ವವು ಜಾಮೀನು ಪತ್ರವಲ್ಲ, ಗೋಡೆಯ ಮೇಲಿನ ಬಸವಣ್ಣನವರು ಸಾಲದ ಕಾಗದಕ್ಕೆ ಸಹಿ ಹಾಕಿದವರಲ್ಲ.

ಸರ್ಕಾರದ ನೆರಳಿದ್ದರೆ ಸಾಕೆಂದು ಕಣ್ಣು ಮುಚ್ಚುವುದೂ ಸಲ್ಲದು. 1964ರಲ್ಲಿ ಹುಟ್ಟಿದ ಯೂನಿಟ್ ಟ್ರಸ್ಟಿನ ಯು.ಎಸ್. 64 ಯೋಜನೆಯನ್ನು ಮಧ್ಯಮ ವರ್ಗದವರು ಬಂಡೆಯಂತೆ ನಂಬಿದ್ದರು. 2001ರ ಜುಲೈಯಲ್ಲಿ ಅದರ ಯೂನಿಟ್ಟುಗಳ ಮರುಖರೀದಿಯನ್ನೇ ನಿಲ್ಲಿಸಲಾಯಿತು. ಹಾಗೆಂದು ಹೆದರಿ ಎಲ್ಲವನ್ನೂ ಬಂಗಾರಕ್ಕೆ ಹಾಕುವವರ ಸಂಖ್ಯೆಯೂ ಸಣ್ಣದಲ್ಲ. 2025ರಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ರೂಪಾಯಿ ದಾಟಿದಾಗ ನಮ್ಮ ತಾಯಂದಿರು ನನ್ನಂಥವರನ್ನು ನೋಡಿ ನಕ್ಕಿರಬೇಕು, ಆ ನಗು ನ್ಯಾಯವಾದದ್ದೇ. ಆದರೂ ಒಡವೆಯಾಗಿ ಕೊಂಡಾಗ ಮಜೂರಿಯೂ ತೆರಿಗೆಯೂ ಹೋಗುತ್ತವೆ. ಕೊರಳಲ್ಲಿರುವುದನ್ನು ಮಾರಲು ಮನಸ್ಸೊಪ್ಪದೆ ಅಡವಿಟ್ಟು ಸಾಲ ತರುತ್ತೇವೆ, ಉಳಿತಾಯವೆಂದು ಕೊಂಡದ್ದಕ್ಕೇ ಮತ್ತೆ ಬಡ್ಡಿ ಕಟ್ಟುತ್ತೇವೆ.

ಸಾಮಾನ್ಯ ಗೃಹಸ್ಥನು ಮೊದಲು ಬಡ್ಡಿ ಹೆಚ್ಚಿರುವ ಸಾಲವನ್ನು ತೀರಿಸಬೇಕು. ಅದಕ್ಕಿಂತ ಲಾಭದಾಯಕವಾದ ಹೂಡಿಕೆ ಭೂಮಿಯ ಮೇಲಿಲ್ಲ. ಅನಂತರ ಆರು ತಿಂಗಳ ಸಂಸಾರದ ವೆಚ್ಚವನ್ನು ಬ್ಯಾಂಕಿನಲ್ಲಿರಿಸಬೇಕು. ದುಡಿಯುವವನು ನಡುವೆ ತೀರಿಕೊಂಡರೆ ಮನೆ ಬೀದಿಗೆ ಬೀಳದಂತೆ ಜೀವವಿಮೆ ಬೇಕು. 2022ರ ಜೂನಿನಿಂದ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ವಿಮೆ ಕೊಡುವ ಪ್ರಧಾನಮಂತ್ರಿ ಜೀವನಜ್ಯೋತಿ ಯೋಜನೆಯನ್ನು ಎಷ್ಟು ಮಂದಿ ಮಾಡಿಸಿದ್ದೀರಿ? ದೀರ್ಘಕಾಲಕ್ಕೆ 1968ರಿಂದ ನಡೆದುಬಂದ ಸಾರ್ವಜನಿಕ ಭವಿಷ್ಯ ನಿಧಿಯಿದೆ. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 7.1ರ ಬಡ್ಡಿಯೇ ಉಳಿದರೆ, ಪ್ರತಿವರ್ಷದ ಆರಂಭದಲ್ಲಿ 12,000 ರೂಪಾಯಿಯಂತೆ ಹದಿನೈದು ವರ್ಷ ಕಟ್ಟಿದ 1,80,000 ರೂಪಾಯಿಗಳು ಸುಮಾರು 3,25,000 ಆಗುತ್ತವೆ. ಈ ಹದಿನೈದು ವರ್ಷಗಳಲ್ಲಿ ಜೋಳದ ಬೆಲೆಯೂ ಏರುವುದರಿಂದ ಇದನ್ನು ಸಿರಿತನವೆಂದು ಭ್ರಮಿಸಬಾರದು. ಬೆಲೆಯೇರಿಕೆಯನ್ನು ಮೀರಬೇಕೆನ್ನುವವರು ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣದಲ್ಲಿ ಒಂದು ಭಾಗವನ್ನು ಷೇರುಪೇಟೆಯ ಸೂಚ್ಯಂಕ ನಿಧಿಗಳಿಗೆ ಹಾಕಬಹುದು. ಪೇಟೆ ಕುಸಿದ ವರ್ಷ ನಿದ್ದೆಗೆಡುವವರು ಅತ್ತ ಹೋಗದಿರುವುದೇ ಲೇಸು. ತಿಂಗಳಿಗೆ ಶೇಕಡಾ ಐದು ಕೊಡುತ್ತೇವೆನ್ನುವವರು ಬಂದರೆ ಕುಡಿಯಲು ನೀರು ಕೊಟ್ಟು ಕಳುಹಿಸಿರಿ.

ಇಷ್ಟೆಲ್ಲ ಬರೆದ ಮೇಲೆ ಮಠಗಳಿಗೂ ಒಂದು ವಿನಂತಿ ಮಾಡದಿದ್ದರೆ ನನ್ನ ಮಾತು ಅರ್ಧವಾದೀತು. ಮಠದ ಪತ್ರಿಕೆಯಲ್ಲಿಯೇ ಇದನ್ನು ಬರೆಯುತ್ತಿದ್ದೇನೆಂಬ ಅರಿವು ನನಗಿದೆ. ಸಂಪತ್ತು ನಶ್ವರವೆಂದು ಒಂದು ಗಂಟೆ ಉಪದೇಶ ನಡೆದ ವೇದಿಕೆಯಿಂದಲೇ, ಮರುಗಳಿಗೆಯಲ್ಲಿ, ಯಾರು ಎಷ್ಟು ಸಾವಿರ ಕೊಟ್ಟರೆಂಬ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಓದುತ್ತೇವೆ. ಆ ಪಟ್ಟಿಯಲ್ಲಿ ಹೆಸರು ಕೇಳಿಸಬೇಕೆಂದು ಸಾಲ ತಂದು ಕೊಟ್ಟವರನ್ನು ನಾನು ಬಲ್ಲೆ. ಸಾಮೂಹಿಕ ವಿವಾಹಗಳನ್ನು ನಡೆಸಿ ಎಷ್ಟೋ ಬಡ ಕುಟುಂಬಗಳನ್ನು ಋಣದಿಂದ ಉಳಿಸಿದ ಮಠಗಳು ನಮ್ಮಲ್ಲಿವೆ, ಅವುಗಳಿಗೆ ನಮೋ ಎನ್ನುತ್ತೇನೆ. ಆದರೆ ಆ ಚಪ್ಪರದಡಿ ಉಳ್ಳವರ ಮಕ್ಕಳು ಎಷ್ಟು ಮಂದಿ ಕುಳಿತಿದ್ದಾರೆ? ಬಡವರಿಗೆ ಸರಳ ವಿವಾಹ, ನಮಗೆ ಕಲ್ಯಾಣ ಮಂಟಪ! ಅನುಕೂಲಸ್ಥರಾದ ಹತ್ತು ಮಂದಿ ಭಕ್ತರು ತಮ್ಮ ಮಕ್ಕಳನ್ನು ಆ ಚಪ್ಪರಕ್ಕೆ ಕರೆತಂದ ದಿನ ಊರಿನ ಉಳಿದವರಿಗೆ ಸಾಲ ಮಾಡುವ ಹಂಗೇ ತಪ್ಪುತ್ತದೆ.

ನನ್ನ ನೆರೆಮನೆಯವರು ಮಗನ ಮದುವೆಗೆ ಮಂಟಪ ಹಿಡಿಯಲು ಮುಂಗಡ ಕೊಡುವವರಿದ್ದಾರೆ. ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು, ಲೆಕ್ಕವೆಲ್ಲ ಸರಿಯೆಂದರು. ಆಮೇಲೆ, "ಬೀಗರು ಏನಂದಾರು ಸರ?" ಎಂದು ಕೇಳಿದರು. ಬೀಗರನ್ನೇ ಕೇಳಿ ನೋಡಿರೆಂದೆ. ಮದುವೆ ವೈಶಾಖದಲ್ಲಿದೆ, ಅವರಿನ್ನೂ ಕೇಳಿಲ್ಲ.