ಐವತ್ತಾದ ಮೇಲೆ ಅದೆಲ್ಲ ಯಾಕೆ ಎನ್ನುವವರಿಗೆ

ಗಂಡಸರ 'ಶಕ್ತಿ'ಯ ಬಗ್ಗೆ ನಮ್ಮ ಸಮಾಜಕ್ಕಿರುವ ಕಾಳಜಿ ಅಷ್ಟಿಷ್ಟಲ್ಲ. ಬಸ್ ನಿಲ್ದಾಣದ ಗೋಡೆ, ವಿದ್ಯುತ್ ಕಂಬ, ಪತ್ರಿಕೆಯ ಒಳಪುಟ, ಎಲ್ಲಿ ನೋಡಿದರೂ ನರದೌರ್ಬಲ್ಯಕ್ಕೆ ಲೇಹ್ಯ, ಗುಪ್ತ ಸಮಸ್ಯೆಗೆ ಗುಳಿಗೆ. ಇಂಥ ಜಾಹೀರಾತು ಕೊಡಬಾರದೆಂದು 1954ರಲ್ಲೇ ಕೇಂದ್ರ ಸರ್ಕಾರ ಕಾನೂನು ಮಾಡಿದೆ. ಕಾನೂನಿನ ಪಾಡಿಗೆ ಕಾನೂನು, ಗೋಡೆಯ ಪಾಡಿಗೆ ಗೋಡೆ. 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಮಾತ್ರೆಗೆ ಒಪ್ಪಿಗೆ ಸಿಕ್ಕಾಗ ಪ್ರಪಂಚವೆಲ್ಲ ಅದರ ಮಾತಾಡಿತು. ಅರವತ್ತರ ಗಂಡಸಿಗೆ 'ಇನ್ನು ನಿನಗೆ ಅದೆಲ್ಲ ಯಾಕಪ್ಪ' ಎಂದು ಯಾರೂ ಕೇಳಲಿಲ್ಲ. ಆದರೆ ನಲವತ್ತೈದರ ಹೆಂಗಸೊಬ್ಬಳು, 'ನನಗೆ ಈಚೆಗೆ ಆಸೆಯೇ ಇಲ್ಲದಂತಾಗಿದೆ, ಅದಕ್ಕೆ ಬೇಸರವಾಗಿದೆ' ಎಂದು ಬಾಯಿಬಿಟ್ಟು ಹೇಳಿದರೆ ಸಿಗುವ ಉತ್ತರ ಒಂದೇ: 'ಮಕ್ಕಳು ಮದುವೆ ವಯಸ್ಸಿಗೆ ಬಂದವೆ, ಇನ್ನು ಅದೆಲ್ಲ ಯಾಕೆ?'

ಈ 'ಯಾಕೆ' ಎನ್ನುವವರ ಜೊತೆಗೇ ನನ್ನ ಜಗಳ.

ಈ ಮಾತು ಅತ್ತೆಯ ಬಾಯಲ್ಲಿ ಬರುತ್ತದೆ, ಅಕ್ಕತಂಗಿಯರ ಬಾಯಲ್ಲಿ ಬರುತ್ತದೆ, ಎಷ್ಟೋ ಸಲ ವೈದ್ಯರ ಬಾಯಲ್ಲೂ ಬರುತ್ತದೆ. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಇದಕ್ಕೆ ವೈರಾಗ್ಯ ಎಂಬ ದೊಡ್ಡ ಹೆಸರಿಡುತ್ತಾರೆ. 'ಅವಳೀಗ ದೇವರು ದಿಂಡರು ಅಂತ ಇದ್ದಾಳೆ, ಎಲ್ಲ ಬಿಟ್ಟುಬಿಟ್ಟಿದ್ದಾಳೆ' ಎಂದು ಹೊಗಳುತ್ತಾರೆ. ತಾನಾಗಿ ಬಿಡುವುದು ವೈರಾಗ್ಯ. ಮೈಯಲ್ಲಿ ಒಂದು ರಸ ಬತ್ತಿದ್ದರಿಂದ ಹೋದದ್ದನ್ನು ವೈರಾಗ್ಯ ಎಂದು ಕರೆಯುವುದು, ರಕ್ತಹೀನತೆಯಿಂದ ಬಿಳಿಚಿಕೊಂಡವಳನ್ನು ಬೆಳ್ಳಗಾಗಿದ್ದಾಳೆ ಎಂದು ಮೆಚ್ಚಿದ ಹಾಗೆ.

ಮುಟ್ಟು ನಿಲ್ಲುವ ಕಾಲಕ್ಕೆ ಏನಾಗುತ್ತದೆ ಎಂಬುದನ್ನು ನೇರವಾಗಿ ಹೇಳುತ್ತೇನೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಉತ್ಪತ್ತಿಯಾಗುವುದು ತೀರಾ ಕಡಿಮೆಯಾಗುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಇದು ಸಾಮಾನ್ಯವಾಗಿ ನಲವತ್ತಾರು ನಲವತ್ತೇಳರ ಹೊತ್ತಿಗೆ, ಅಂದರೆ ಪಾಶ್ಚಾತ್ಯ ದೇಶದವರಿಗಿಂತ ನಾಲ್ಕೈದು ವರ್ಷ ಮೊದಲೇ. ಮೈ ಬಿಸಿಯೇರುವುದು, ರಾತ್ರಿ ಬೆವರಿ ನಿದ್ದೆ ಕೆಡುವುದು, ಸಿಡುಕು, ಇವನ್ನೆಲ್ಲ ನಾವು ಹೇಗೋ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಹೇಳದೆ ಉಳಿಯುವುದು ಇನ್ನೊಂದು. ಯೋನಿಯ ಒಳಪದರ ತೆಳ್ಳಗಾಗಿ ಒಣಗುತ್ತದೆ, ಗಂಡ ಹತ್ತಿರ ಬಂದರೆ ಉರಿ, ನೋವು, ಮತ್ತೆ ಮತ್ತೆ ಮೂತ್ರದ ಸೋಂಕು. ನೋವಾಗುವ ಕಡೆಗೆ ಯಾರ ಮನಸ್ಸು ತಾನೇ ಹೋಗುತ್ತದೆ? ಒಂದು ಸಲ ಸುಟ್ಟ ಕೈ ಎರಡನೇ ಸಲ ಒಲೆಗೆ ಹಿಂಜರಿಯುವಂತೆ ಆಸೆಯೂ ಹಿಂಜರಿಯುತ್ತದೆ. ಗಂಡಸರ ಹಾರ್ಮೋನು ಎಂದು ನಾವು ತಿಳಿದಿರುವ ಟೆಸ್ಟೋಸ್ಟೆರಾನ್ ಹೆಂಗಸರ ಮೈಯಲ್ಲೂ ಅಷ್ಟಿಷ್ಟು ಇರುತ್ತದೆ; ಆಸೆಗೂ ಅದಕ್ಕೂ ಸಂಬಂಧವಿದೆ. ಅದು ವಯಸ್ಸಿನ ಜೊತೆ ಮೆಲ್ಲಮೆಲ್ಲಗೆ ಇಳಿಯುತ್ತದೆ. ಎರಡೂ ಅಂಡಾಶಯಗಳನ್ನು ಕತ್ತರಿಸಿ ತೆಗೆದರೆ ಮಾತ್ರ ಒಂದೇ ಏಟಿಗೆ ಅರ್ಧದಷ್ಟು ಕುಸಿಯುತ್ತದೆ.

ನಮ್ಮ ತಾಲ್ಲೂಕುಗಳ ನಿಜವಾದ ಸಂಕಟ ಇರುವುದು ಈ ಕತ್ತರಿಯಲ್ಲಿ.

ಮೊಳಕಾಲ್ಮುರಿನ ಒಬ್ಬಾಕೆ, ರೇಷ್ಮೆ ಸೀರೆಯ ಮಗ್ಗದ ಮನೆಯವಳು, ನನಗೆ ಬಹಳ ವರ್ಷದ ಪರಿಚಯ. ಮೂವತ್ತಾರನೇ ವಯಸ್ಸಿನಲ್ಲಿ ಬಿಳಿಸೆರಗು, ಸೊಂಟನೋವು ಎಂದು ದೊಡ್ಡ ಊರಿನ ಒಂದು ನರ್ಸಿಂಗ್ ಹೋಮಿಗೆ ಹೋದಳು. 'ಗರ್ಭಕೋಶ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ' ಎಂದರು. ಮಕ್ಕಳಾಗಿದ್ದವಲ್ಲ, ಇನ್ನೇಕೆ ಎಂದು ಮನೆಯವರೂ ಒಪ್ಪಿದರು. ಗರ್ಭಕೋಶದ ಜೊತೆ ಎರಡು ಅಂಡಾಶಯಗಳೂ ಹೋದವು ಎಂಬುದು ಅವಳಿಗೆ ತಿಳಿದದ್ದು ನಾಲ್ಕು ವರ್ಷದ ಮೇಲೆ, ಬೇರೊಬ್ಬ ವೈದ್ಯೆ ಹಳೆಯ ಚೀಟಿಯನ್ನು ಓದಿ ಹೇಳಿದಾಗ. ಆ ನಾಲ್ಕು ವರ್ಷ ಗಂಡ ಅವಳನ್ನು ಮರದ ಬೊಂಬೆ ಎಂದ, ಕೊನೆಗೆ ಬೇರೆ ಯಾರ ಮೇಲಾದರೂ ಮನಸ್ಸಿದೆಯೇ ಎಂದೂ ಕೇಳಿದ. 'ಟೀಚರಮ್ಮ, ನಾನೇ ಸರಿ ಇಲ್ಲ ಅಂದ್ಕಂಡು ಎಷ್ಟು ಹರಕೆ ಹೊತ್ತೆ ಗೊತ್ತಾ' ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದು.

ಇದು ಒಬ್ಬಳ ಕಥೆಯಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲ ಸಲ ದೇಶದ ಹೆಂಗಸರನ್ನು ಕೇಳಿತು. 15ರಿಂದ 49 ವರ್ಷದವರಲ್ಲಿ ನೂರಕ್ಕೆ ಸುಮಾರು ಮೂರು ಮಂದಿಗೆ ಗರ್ಭಕೋಶ ತೆಗೆದಾಗಿತ್ತು; ಅವರಲ್ಲಿ ಅರ್ಧದಷ್ಟು ಜನಕ್ಕೆ ಆಗಿದ್ದು ಮೂವತ್ತೈದು ತುಂಬುವ ಮೊದಲೇ; ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ವಿನಾಕಾರಣ ಗರ್ಭಕೋಶ ಕಳೆದುಕೊಂಡರೆಂಬ ದೂರು ಎದ್ದು 2015ರಲ್ಲಿ ಸರ್ಕಾರದ ತನಿಖೆಯೇ ನಡೆಯಿತು. 2017ರಲ್ಲಿ ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಮೂರು ತಿಂಗಳೊಳಗೆ ಅದನ್ನು ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕಾಗದದ ಮೇಲೆ ಎಲ್ಲ ಸರಿಯಿದೆ. ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳಿಗೆ ಈ ತೀರ್ಪಿನ ಸುದ್ದಿ ಮುಟ್ಟಿದೆ, ನೀವೇ ಹೇಳಿ.

ಹೆಂಗಸರೂ ಬೇಗ ಒಪ್ಪಿಕೊಳ್ಳುತ್ತಾರಲ್ಲ ಎಂದು ವೈದ್ಯರು ಹೇಳುವುದುಂಟು. ಒಪ್ಪದೆ ಏನು ಮಾಡಿಯಾರು? ಮುಟ್ಟಾದವಳು ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಇನ್ನೂ ಪೂರ್ತಿ ಅಳಿಯದ ನಾಡು ನಮ್ಮದು. ತಿಂಗಳು ತಿಂಗಳು ಹೊರಗೆ ಕೂರುವ ಬದಲು ಆ ಚೀಲವೇ ಬೇಡ ಎಂಬ ಮಾತನ್ನು ನಾನೇ ಕೇಳಿದ್ದೇನೆ. ಹೊಲದ ಕೂಲಿ ತಪ್ಪಬಾರದು, ಪೂಜೆಗೆ ಅಡ್ಡಿಯಾಗಬಾರದು, ಹೀಗೆ ನೂರು ಕಾರಣ. ಗರ್ಭಕೋಶ ಎಂದರೆ ಮಕ್ಕಳು ಹೆರುವ ಚೀಲ, ಕೆಲಸ ಮುಗಿದ ಮೇಲೆ ಬಿಸಾಡುವುದು ಎಂದು ಎಲ್ಲರೂ ಸೇರಿ ಅವಳಿಗೆ ಹೇಳಿಕೊಟ್ಟಿದ್ದೇವೆ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಮುಟ್ಟು ನಿಂತವರ ಸ್ಥಿತಿ ಕೆಲವರಿಗೆ ಬೇಗ ಬರುತ್ತದೆ. ಅಂಡಾಶಯವನ್ನೂ ತೆಗೆದರೆ ಮಾರನೆಯ ದಿನವೇ ಬರುತ್ತದೆ, ಮೂಳೆಗೂ ಹೃದಯಕ್ಕೂ ಅದರ ಹೊಡೆತ ಬೀಳುತ್ತದೆ ಎಂದು ಹೇಳಿಕೊಟ್ಟವರು ಯಾರು?

ಇನ್ನು ಚಿಕಿತ್ಸೆಯ ಮಾತು. ಚಿಕಿತ್ಸೆ ಇದೆ. ಒಣಗಿದ್ದು, ಉರಿ, ನೋವು ಇಷ್ಟೇ ಆದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಸಾಕು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆವರು, ನಿದ್ದೆಗೇಡು ಎಲ್ಲ ಸೇರಿ ಬಾಳು ಅಸಹನೀಯವಾಗಿದ್ದರೆ ಮಾತ್ರೆ, ಜೆಲ್, ಪಟ್ಟಿಗಳ ರೂಪದಲ್ಲಿ ಹಾರ್ಮೋನು ಚಿಕಿತ್ಸೆ ಇದೆ. ಗರ್ಭಕೋಶ ಉಳಿದಿರುವವರಿಗೆ ಅದರ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಭಯ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವರಿಗಂತೂ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂದೇ ತಜ್ಞರು ಹೇಳುತ್ತಾರೆ. ನಮ್ಮ ಮಗ್ಗದ ಮನೆಯಾಕೆಗೆ ಆ ನಾಲ್ಕು ವರ್ಷ ಸಿಗಬೇಕಾಗಿದ್ದು ಇದೇ. ಈಗ ಸಿಕ್ಕಿದೆ. ಅವಳು ರಾತ್ರಿ ನಿದ್ದೆ ಮಾಡುತ್ತಾಳೆ. ಮಿಕ್ಕದ್ದು ಅವಳ ಮನೆಯ ವಿಷಯ.

'ಹಾರ್ಮೋನು ಎಂದರೆ ಸ್ತನ ಕ್ಯಾನ್ಸರ್ ಅಲ್ಲವೇ?' ಎಂದು ನೀವು ಕೇಳುತ್ತೀರಿ. ಈ ಭಯ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು ಆ ವರ್ಷ ಅರ್ಧಕ್ಕೆ ನಿಲ್ಲಿಸಿದರು. ಎರಡು ಹಾರ್ಮೋನು ಸೇರಿದ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟು ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಎಂಟೂ ಕಡಿಮೆಯೇನಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿಲ್ಲ. ಗರ್ಭಕೋಶವಿಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ ಎಂಬುದೂ ಸುದ್ದಿಯಾಗಲಿಲ್ಲ. ಅರವತ್ತರ ಒಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಎಂಬುದು ಇಂದಿನ ತಿಳಿವಳಿಕೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಪಾಲನ್ನು ತೆಗೆಯುವುದಾಗಿ ಪ್ರಕಟಿಸಿತು. ಹಾಗೆಂದು ಇದು ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಹೊಡೆದವರು, ಪಿತ್ತಕೋಶ ಯಕೃತ್ತಿನ ಕಾಯಿಲೆಯವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರು ವೈದ್ಯರಿಗೆ ಎಲ್ಲ ಹೇಳದೆ ಇದರ ಹತ್ತಿರ ಹೋಗಬಾರದು.

ಟೆಸ್ಟೋಸ್ಟೆರಾನ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಯಾಕೆಂದರೆ ಗೋಡೆಯ ಲೇಹ್ಯದವರ ಜಾಗಕ್ಕೆ ನಾಳೆ ಹವಾನಿಯಂತ್ರಿತ ಕ್ಲಿನಿಕ್ಕಿನವರು ಬರುತ್ತಾರೆ. 2019ರಲ್ಲಿ ಹಲವು ದೇಶಗಳ ವೈದ್ಯ ಸಂಘಗಳು ಸೇರಿ ಒಂದು ಮಾತು ಹೇಳಿದವು: ಮುಟ್ಟು ನಿಂತ ಮೇಲೆ ಆಸೆ ಕುಂದಿ, ಅದರಿಂದ ಮನಸ್ಸಿಗೆ ಸಂಕಟವಾಗಿರುವ ಹೆಂಗಸರಿಗೆ ಮಾತ್ರ, ಬೇರೆ ಕಾರಣಗಳನ್ನೆಲ್ಲ ನೋಡಿಯಾದ ಮೇಲೆ, ಅತಿ ಚಿಕ್ಕ ಪ್ರಮಾಣದಲ್ಲಿ ಇದು ನೆರವಾಗುತ್ತದೆ. ಸುಸ್ತಿಗೆ, ತೂಕಕ್ಕೆ, ಯೌವನಕ್ಕೆ ಅಲ್ಲ. ಹೆಚ್ಚಾದರೆ ಮುಖದ ಮೇಲೆ ಕೂದಲು, ಮೊಡವೆ. ಗಡಸಾದ ದನಿ ಮತ್ತೆ ಸರಿಹೋಗದೆಯೂ ಇರಬಹುದು. ಚರ್ಮದಡಿ ಹೂಳುವ ಗುಳಿಗೆ, ತಿಂಗಳ ಇಂಜೆಕ್ಷನ್ ಎನ್ನುವವರಿಂದ ದೂರವಿರಿ.

ಹಾರ್ಮೋನಿಗೆ ಹೋಗುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ. ಥೈರಾಯ್ಡ್ ಕುಂದಿದರೂ ಆಸೆ ಕುಂದುತ್ತದೆ. ಸಕ್ಕರೆ ಕಾಯಿಲೆ, ರಕ್ತಹೀನತೆ, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ಕಾರಣವೇ. ಬಾಣಂತಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಆಸೆ ಇಲ್ಲದಿರುವುದೂ ಹಾರ್ಮೋನಿನ ಆಟವೇ. ಅವಳನ್ನು ಬೈಯುವ ಗಂಡನಿಗೆ ಇದನ್ನು ಯಾರಾದರೂ ಹೇಳಬೇಕು. ಮೈ ಕಾರಣವಲ್ಲದೆ ಮನೆಯೇ ಕಾರಣವಾಗಿರುವುದೂ ಉಂಟು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ದುಡಿದವಳಿಗೆ, ಕುಡಿದು ಬಂದವನ ಪಕ್ಕ ಮಲಗಬೇಕಾದವಳಿಗೆ, ಒಂದು ಕೋಣೆಯಲ್ಲಿ ಆರು ಜನ ಮಲಗುವ ಮನೆಯವಳಿಗೆ ಯಾವ ಮುಲಾಮೂ ಆಸೆ ತಂದುಕೊಡುವುದಿಲ್ಲ. ಗಂಡನಿಗೆ ಬೇಕೆಂದು ಹೆಂಡತಿಗೆ ಔಷಧಿ ಕುಡಿಸುವುದು ಚಿಕಿತ್ಸೆಯಲ್ಲ. ಆಸೆ ಇಲ್ಲ, ಅದರಿಂದ ನನಗೇನೂ ಬೇಸರವಿಲ್ಲ ಎನ್ನುವವಳಿಗೆ ಯಾವ ಕಾಯಿಲೆಯೂ ಇಲ್ಲ. ಅಳತೆಗೋಲು ಅವಳದೇ ಆಗಿರಬೇಕು.

ನಮ್ಮ ತಲೆಮಾರಿನವರು ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'ಗಳನ್ನು ದಿಂಬಿನ ಕೆಳಗಿಟ್ಟು ಓದಿದವರು. ಒಬ್ಬ ವೈದ್ಯೆ ಕನ್ನಡದಲ್ಲಿ, ನಾಚಿಕೆಯಿಲ್ಲದೆ, ಗೌರವದಿಂದ ನಮ್ಮ ಮೈಯ ವಿಷಯ ಹೇಳಬಹುದೆಂದು ಆಕೆ ತೋರಿಸಿಕೊಟ್ಟರು. ಮದುವೆಯಾಗುವವಳಿಗೆ ಕಿವಿಮಾತು ಸಿಕ್ಕಿತು. ಮುಟ್ಟು ನಿಂತವಳ ಕಿವಿಯಲ್ಲಿ ಮಾತ್ರ ಇವತ್ತಿಗೂ 'ಯಾಕೆ' ಎಂಬ ಒಂದೇ ಮಾತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗರ್ಭಕೋಶ ತೆಗೆಯಬೇಕು ಎಂದವರನ್ನು ಮೂರು ಪ್ರಶ್ನೆ ಕೇಳಿ: ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯ ಉಳಿಸುತ್ತೀರಾ? ತೆಗೆದರೆ ಮುಂದೆ ಹಾರ್ಮೋನು ಕೊಡುತ್ತೀರಾ? ಇನ್ನೊಬ್ಬ ವೈದ್ಯರಿಗೂ ತೋರಿಸಿ. ಆಪರೇಷನ್ನಿನ ಚೀಟಿ ಕೇಳಿ ಪಡೆದು, ಒಡವೆಯಷ್ಟೇ ಜೋಪಾನವಾಗಿಡಿ. ಈಗಾಗಲೇ ತೆಗೆಸಿಕೊಂಡವರು, ಮುಟ್ಟು ನಿಂತವರು, ಸಂಕಟವಿದ್ದರೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋದಾಗ ಸ್ತ್ರೀರೋಗ ತಜ್ಞರ ಮುಂದೆ ಸೊಂಟನೋವಿನ ಜೊತೆ ಇದನ್ನೂ ಹೇಳಿ. ವೈದ್ಯರು ನಕ್ಕರೆ ಎದ್ದು ಬನ್ನಿ, ಬೇರೊಬ್ಬರನ್ನು ಹುಡುಕಿ. 'ಅದೆಲ್ಲ ಯಾಕೆ' ಎಂದು ಯಾರಾದರೂ ಕೇಳಿದರೆ, 'ನನಗೆ ಬೇಕು, ಅದಕ್ಕೆ' ಎಂದು ಹೇಳಿ. ಅದಕ್ಕಿಂತ ದೊಡ್ಡ ಕಾರಣವನ್ನು ಯಾವ ಗಂಡಸೂ ಈವರೆಗೆ ಕೊಟ್ಟಿಲ್ಲ.