ಒಟ್ಟು ಗಂಟೆ ಸಾಲದು

ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಬೆಳೆದ ಕನ್ನಡದ ಹುಡುಗಿಯೊಬ್ಬಳು ಪಕ್ಕದ ಶಾಂಬರ್ಗ್ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿತರೆ, ಸಾಮಾನ್ಯವಾಗಿ 250 ಗಂಟೆಗೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಆದರೆ ದೊಡ್ಡ ವಿಮಾನ ಸಂಸ್ಥೆಯಲ್ಲಿ ಕೋ-ಪೈಲಟ್ ಆಗಲು 1500 ಗಂಟೆ ಬೇಕು. ವಿಮಾನಯಾನ ಪದವಿ ಇದ್ದವರಿಗೆ 1000, ಸೇನೆಯಿಂದ ಬಂದವರಿಗೆ 750. ಅವಳೇ ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತಿದ್ದರೆ 200 ಗಂಟೆಗೆ ಲೈಸೆನ್ಸ್ ಪಡೆದು, ಆಯಾ ವಿಮಾನದ ತರಬೇತಿ ಮುಗಿಸಿ, ಏರ್‌ಬಸ್‌ನ ಬಲಗಡೆಯ ಸೀಟಿನಲ್ಲಿ ಕೂರಬಹುದಿತ್ತು.

ಅಮೆರಿಕದ ಈ ಬಿಗಿ ನಿಯಮ 2013ರಿಂದ ಜಾರಿಯಲ್ಲಿದೆ. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಮೃತರ ಕುಟುಂಬಗಳು ಪಟ್ಟು ಹಿಡಿದದ್ದರಿಂದ ಕಾನೂನು ಬದಲಾಯಿತು. ವಿಚಿತ್ರವೆಂದರೆ, ಅಂದು ಕಾಕ್‌ಪಿಟ್‌ನಲ್ಲಿದ್ದ ಇಬ್ಬರೂ 1500 ಗಂಟೆ ದಾಟಿದವರೇ. ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ವಿಮಾನದ ಮೂತಿ ತಗ್ಗಿಸುವ ಬದಲು ಎತ್ತಿದರು. ಗಂಟೆಗಳಿಗೆ ಕೊರತೆ ಇರಲಿಲ್ಲ. ಆ ಗಳಿಗೆಗೆ ಬೇಕಾದದ್ದು ಕೈಗೆ ಬರಲಿಲ್ಲ.

250ರಿಂದ 1500ರವರೆಗಿನ ದಾರಿಯನ್ನು ಬಹಳಷ್ಟು ಮಂದಿ ಬೋಧಕರಾಗಿಯೇ ಸವೆಸುತ್ತಾರೆ. ಕಲಿಯುವವರ ಪಕ್ಕ ಕೂತು ಕಲಿಸಿದ ಹೊತ್ತೂ ಲಾಗ್‌ಬುಕ್‌ಗೆ ಸೇರುತ್ತದೆ. ಕಲಿಸುತ್ತಾ ತಾನೂ ಕಲಿಯುವುದುಂಟು, ನಿಜ. ಆದರೆ ಬಿಸಿಲಿನ ದಿನ ಒಂದೇ ರನ್‌ವೇ ಸುತ್ತ ಹಾಕಿದ ಸುತ್ತಿಗೂ, ಚಳಿಗಾಲದ ಮೋಡದೊಳಗೆ ಉಪಕರಣ ನಂಬಿ ಇಳಿದದ್ದಕ್ಕೂ ಒಟ್ಟು ಮೊತ್ತದಲ್ಲಿ ಒಂದೇ ಬೆಲೆ. 1500ರ ಒಳಗೇ 500 ಗಂಟೆ ದೂರದ ಹಾರಾಟ, 100 ಗಂಟೆ ರಾತ್ರಿ ಹಾರಾಟ, 75 ಗಂಟೆ ಉಪಕರಣ ಹಾರಾಟ ಇರಬೇಕೆಂದು ಕಾನೂನು ಕೇಳುವುದು ಇದಕ್ಕೇ. ಅದೂ ಕನಿಷ್ಠ ಮಿತಿ ಅಷ್ಟೆ.

ಮೊತ್ತದ ಮೋಹ ಸುಳ್ಳಿಗೂ ದಾರಿ ಮಾಡುತ್ತದೆ. ಪುಸ್ತಕದಲ್ಲಿ ಮಾತ್ರ ಹಾರಿದ ಗಂಟೆಗಳನ್ನು ಪೈಲಟ್‌ಗಳು ಪಾರ್ಕರ್ ಪೆನ್ನಿನ ಹಾರಾಟವೆಂದು ಗೇಲಿ ಮಾಡುತ್ತಾರೆ. ಸಿಕ್ಕಿಬಿದ್ದರೆ ಅಮೆರಿಕದಲ್ಲಿ ಲೈಸೆನ್ಸ್ ರದ್ದಾಗಬಹುದು. ಭಾರತದಲ್ಲಿ 2011ರಲ್ಲಿ ಸುಳ್ಳು ಗಂಟೆ, ನಕಲಿ ಅಂಕಪಟ್ಟಿಗಳ ಹಗರಣ ಹೊರಬಿದ್ದು ಪೈಲಟ್‌ಗಳ ಬಂಧನವೇ ಆಯಿತು.

ಮಕ್ಕಳನ್ನು "ಎಷ್ಟು ಗಂಟೆ ಆಯಿತು?" ಎಂದು ವಾರವಾರ ಕೇಳುವ ಅಪ್ಪ ಅಮ್ಮ, ರಾತ್ರಿ ಎಷ್ಟು, ಮೋಡದಲ್ಲಿ ಎಷ್ಟು ಎಂದೂ ಕೇಳಲಿ. ಹವಾಮಾನ ಸರಿಯಿಲ್ಲವೆಂದು ಹಾರದೆ ಬಿಟ್ಟ ದಿನ ಯಾವ ಲಾಗ್‌ಬುಕ್‌ಗೂ ಸೇರುವುದಿಲ್ಲ. ಆ ದಿನಕ್ಕೆ ಮಗಳ ಬೆನ್ನು ತಟ್ಟಿ.