ಮುಖಕಾಂತಿಯೂ ಮನಃಸ್ವಾತಂತ್ರ್ಯವೂ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಜನಸಾಗರವೇ ಸೇರುತ್ತದೆ. ಸೀರೆಯುಟ್ಟು ನಿಂತ ಆ ತಾಯಿಯ ಸನ್ನಿಧಿಯಲ್ಲಿ ಯಾರ ಮೈಬಣ್ಣವೂ ಗಣನೆಗೆ ಬಾರದು. ಆದರೆ ಮನೆಗೆ ಮರಳಿದ ನಮ್ಮ ಮಕ್ಕಳು ಮೊಬೈಲಿನಲ್ಲಿ ಕಾಣುವುದು ಕಲೆಯಿಲ್ಲದ ಮುಖಗಳನ್ನು, ದಿನಕ್ಕೊಂದು ಹೊಸ ಲೇಪವನ್ನು.

ಈ ಒತ್ತಡ ಹಳೆಯದೇ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಬಿಳುಪಿನ ಹಂಬಲ ಮಾತ್ರ ಹಾಗೆಯೇ ಉಳಿಯಿತು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಪಾದರಸ ಬೆರೆತ ಕ್ರೀಮುಗಳನ್ನು ಹಚ್ಚಿಕೊಂಡ ಕೆಲವರಲ್ಲಿ ವೈದ್ಯರು ಮೂತ್ರಪಿಂಡದ ರೋಗವನ್ನು ಗುರುತಿಸಿದರು.

ದೇಹದ ಆರೈಕೆ ತಪ್ಪಲ್ಲ. ಅದು ದೇವರ ಕೊಡುಗೆಗೆ ಸಲ್ಲುವ ಗೌರವ. ಪರರ ಮೆಚ್ಚುಗೆಯೇ ನಮ್ಮ ಬೆಲೆಗೆ ಅಳತೆಗೋಲಾದಾಗ ಆರೈಕೆ ದಾಸ್ಯವಾಗುತ್ತದೆ. ಜೆಸ್ಸೆಯನ ಮಕ್ಕಳಲ್ಲಿ ಅರಸನನ್ನು ಹುಡುಕುತ್ತಿದ್ದ ಸಮುವೇಲನನ್ನು ದೇವರು ತಿದ್ದಿದ್ದು ಈ ವಿಷಯದಲ್ಲಿಯೇ.

ತಂದೆತಾಯಿಗಳೇ, ಈ ದಾಸ್ಯದ ಮೊದಲ ಪಾಠ ಮನೆಯಲ್ಲಿಯೇ ಆರಂಭವಾಗುತ್ತದೆ. "ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ" ಎನ್ನುವವರೂ, ಸೊಸೆಯನ್ನು ಹುಡುಕುವಾಗ ಮೊದಲು ಬಣ್ಣ ಕೇಳುವವರೂ ನಾವೇ. ಆ ಮಾತುಗಳನ್ನು ಇಂದಿನಿಂದಲೇ ನಿಲ್ಲಿಸೋಣ. ದೇವರ ಪ್ರತಿರೂಪವಾಗಿ ಹುಟ್ಟಿದ ಮಗುವಿಗೆ ಮನೆಯಲ್ಲಿ ಆ ಗೌರವ ದೊರೆತರೆ, ಅದು ಅಂಗಡಿಯ ಅಳತೆಗೋಲಿಗೆ ತಲೆಬಾಗಲಾರದು.